ಸವೆತ, ಸಂಚಯನದ ಪಾಠಕ್ಕೆ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಲಿ? ಗದಗ ಸುತ್ತ, ಒಂದೇ ದಿನ

ಬೆಟಗೇರಿ ಟೀಚರ್

ಎಲ್ಲರಿಗೂ ನಮಸ್ಕಾರ. ಮುಂಡರಗಿ ತಾಲ್ಲೂಕಿನ ಒಂದು ಪ್ರೌಢಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ, ಮನೆ ಬೆಟಗೇರಿಯಲ್ಲಿ. ಈಗ ಭೂಸ್ವರೂಪಗಳ ಪಾಠ ನಡೆದಿದೆ. ಶಿಥಿಲೀಕರಣ, ಸವೆತ, ಸಾಗಣೆ, ಸಂಚಯನ ಎಂದು ಮಕ್ಕಳು ಕಣ್ಣು ಮುಚ್ಚಿಕೊಂಡು ಒಪ್ಪಿಸುತ್ತಾರೆ. ಆದರೆ ತೋರಿಸಲು ನನ್ನ ಹತ್ತಿರ ಇರುವ ಚಿತ್ರಗಳೆಲ್ಲ ಅಮೆರಿಕದ ಕಂದರ, ಮರುಭೂಮಿಯ ಅಣಬೆ ಬಂಡೆ, ಹಿಮನದಿ ಕೊರೆದ ಕಣಿವೆ. ನಮ್ಮ ಮಕ್ಕಳು ಹಿಮ ಕಂಡಿರುವುದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

ವಿಚಿತ್ರವೆಂದರೆ ತರಗತಿಯ ಕಿಟಕಿಯಿಂದ ಕಪ್ಪತಗುಡ್ಡ ಕಾಣುತ್ತದೆ. ಹೋದ ವಾರ ಹಿಂದಿನ ಬೆಂಚಿನ ಒಬ್ಬ ಹುಡುಗ ಅದರ ಕಡೆ ಕೈ ತೋರಿಸಿ, "ಟೀಚರ್, ಗುಡ್ಡ ಸವೆಯುತ್ತದೆ ಅಂದಿರಲ್ಲ, ಹಾಗಾದರೆ ನಮ್ಮ ಅಜ್ಜ ಸಣ್ಣವನಿದ್ದಾಗ ಅದು ಇನ್ನೂ ಎತ್ತರ ಇತ್ತೇ?" ಎಂದು ಕೇಳಿದ. ತರಗತಿ ನಕ್ಕಿತು. ನನಗೆ ನಗು ಬರಲಿಲ್ಲ, ಇಡೀ ಪಾಠದಲ್ಲಿ ಕೇಳಬೇಕಾದ ಪ್ರಶ್ನೆ ಅದೊಂದೇ ಅನ್ನಿಸಿತು. ಉತ್ತರವನ್ನು ಬಾಯಲ್ಲಿ ಹೇಳುವ ಬದಲು ನೆಲದ ಮೇಲೆ ತೋರಿಸಬೇಕೆಂದಿದ್ದೇನೆ.

ಜನವರಿಯಲ್ಲಿ ಒಂದು ದಿನದ ಹೊರಸಂಚಾರಕ್ಕೆ ಒಪ್ಪಿಗೆ ಸಿಕ್ಕಿದೆ. ಬೆಳಿಗ್ಗೆ ಹೊರಟು ಸಂಜೆ ಮಕ್ಕಳನ್ನು ಮನೆಗೆ ಮುಟ್ಟಿಸಬೇಕು. ಮುಖ್ಯಗುರುಗಳು ಬಾದಾಮಿ ಎನ್ನುತ್ತಾರೆ. ನನಗೆ ಅದು ಪ್ರವಾಸವಾಗುತ್ತದೆಯೇ ಹೊರತು ಪಾಠವಾಗುವುದಿಲ್ಲ ಎಂಬ ಅನುಮಾನ. ಗದಗ, ಧಾರವಾಡ, ಹಾವೇರಿ ಕಡೆಯ ನೆಲ ಬಲ್ಲವರು ಹೇಳಿ: ಎಲ್ಲಿಗೆ ಹೋಗಲಿ, ಏನು ತೋರಿಸಲಿ?

ಹುಬ್ಬಳ್ಳಿ ಓದುಗ

ಬಾದಾಮಿಗೇ ಹೋಗಿ ಮೇಡಂ. ಮರಳುಗಲ್ಲಿನ ಪದರಗಳು ಅಷ್ಟು ಸ್ಪಷ್ಟವಾಗಿ ಬೇರೆಲ್ಲಿಯೂ ಕಾಣಲಿಕ್ಕಿಲ್ಲ. ಒಂದು ಕಾಲದಲ್ಲಿ ನೀರು ತಂದು ಹಾಸಿದ ಮರಳೇ ಕಲ್ಲಾಗಿ, ಆ ಕಲ್ಲು ಈಗ ಮತ್ತೆ ಮರಳಾಗಿ ಉದುರುತ್ತಿದೆ. ಸಂಚಯನ, ಶಿಥಿಲೀಕರಣ ಎರಡೂ ಒಂದೇ ಗೋಡೆಯ ಮೇಲೆ ಸಿಗುತ್ತವೆ. ಮಂಗಗಳಿಂದ ಊಟದ ಡಬ್ಬಿ ಕಾಪಾಡಿಕೊಂಡರೆ ಸಾಕು.

ನಿವೃತ್ತ ಒಡ್ಡಿನವ

ಟೀಚರ್ ಅವರೇ, ಭೂಸಾರ ಸಂರಕ್ಷಣೆಯ ಕೆಲಸದಲ್ಲಿ ಗದಗ, ರೋಣ, ಮುಂಡರಗಿ, ಶಿರಹಟ್ಟಿ ಸುತ್ತಿ ನಿವೃತ್ತನಾದವನು ನಾನು. ಒಡ್ಡು ಹಾಕಿಸುವುದು, ಕೋಡಿ ಕಟ್ಟಿಸುವುದು, ಅವು ಒಡೆದರೆ ಬೈಸಿಕೊಳ್ಳುವುದು ನನ್ನ ವೃತ್ತಿಯಾಗಿತ್ತು. ಬಾದಾಮಿ ಚೆಂದ. ಆದರೆ ಅಲ್ಲಿನ ಗೋಡೆ ಹೇಳುವುದು ಕೋಟಿ ಕೋಟಿ ವರ್ಷಗಳ ಹಿಂದಿನ ಮಾತು. ಹದಿನಾಲ್ಕು ವರ್ಷದ ಹುಡುಗನಿಗೆ ಕೋಟಿಯೂ ಒಂದೇ, ನೂರು ಕೋಟಿಯೂ ಒಂದೇ. ಹೋದ ಮಳೆಗಾಲದಲ್ಲಿ ಆದದ್ದನ್ನು ಮೊದಲು ತೋರಿಸಿ.

ನನ್ನ ಸಲಹೆ ಒಂದೇ. ಪುಸ್ತಕದ ಅನುಕ್ರಮವನ್ನು ತಿರುವಿ ಹಾಕಿ. ಗುಡ್ಡದಿಂದ ಆರಂಭಿಸಬೇಡಿ, ಮಣ್ಣು ಬಂದು ಬಿದ್ದ ಜಾಗದಿಂದ ಆರಂಭಿಸಿ ಮೇಲಕ್ಕೆ ನಡೆಯಿರಿ. ಹೋದದ್ದು ಕಣ್ಣಿಗೆ ಕಾಣುವುದಿಲ್ಲ. ಬಂದದ್ದು ಕಾಣುತ್ತದೆ, ಅದನ್ನು ಅಗೆದು ನೋಡಬಹುದು, ಅಳೆಯಬಹುದು.

ಡಂಬಳ, ಡೋಣಿ ಕಡೆ ಗುಡ್ಡದಿಂದ ಇಳಿಯುವ ಹಳ್ಳಗಳಿಗೆ ಅಲ್ಲಲ್ಲಿ ಚೆಕ್ ಡ್ಯಾಂ ಕಟ್ಟಿದ್ದಾರೆ. ಬಹಳಷ್ಟು ಹೂಳಿನಿಂದ ತುಂಬಿವೆ. ಊರವರಿಗೆ ಅದು ದುಃಖ, ನಿಮಗೆ ಅದೇ ಪಾಠ. ಜನವರಿಗೆ ಮೇಲ್ಭಾಗದ ಹೂಳು ಒಣಗಿರುತ್ತದೆ. ಜಾಗದವರನ್ನು ಕೇಳಿ, ಸಲಿಕೆಯಿಂದ ಮೊಣಕಾಲುದ್ದದ ಒಂದು ಗುಂಡಿ ತೋಡಿಸಿ. ಒಂದು ಬದಿಯನ್ನು ಕುಡುಗೋಲಿನಿಂದ ನೆಟ್ಟಗೆ ಕೆರೆದು, ಅದರ ಮೇಲೆ ಒಂದು ತಂಬಿಗೆ ನೀರು ಚಿಮುಕಿಸಿ. ಒಣಗಿದ ಮಣ್ಣಿನಲ್ಲಿ ಏನೂ ಕಾಣದಿದ್ದ ಕಡೆ ಪದರಗಳು ಎದ್ದು ಬರುತ್ತವೆ. ಕೆಳಗೆ ಹರಳು, ಅದರ ಮೇಲೆ ಉರುಟು ಮರಳು, ಅದರ ಮೇಲೆ ನುಣುಪು ಮಣ್ಣು, ತುತ್ತತುದಿಗೆ ಬೆರಳಿಗೆ ಅಂಟುವ ಜೇಡಿ. ಆಮೇಲೆ ಒಮ್ಮೆಗೇ ಮತ್ತೆ ಹರಳು. ಹರಳಿನಿಂದ ಜೇಡಿಯವರೆಗಿನದು ಒಂದು ದೊಡ್ಡ ಮಳೆಯ ಲೆಕ್ಕ. ಹಳ್ಳ ಜೋರಾಗಿ ಬಂದಾಗ ಹರಳು ತಂದಿತು, ಇಳಿಯುತ್ತಾ ಮರಳು ಬಿಟ್ಟಿತು, ನೀರು ನಿಂತ ಮೇಲೆ ಜೇಡಿ ಕುಳಿತಿತು. ಒಂದು ಪದರಕ್ಕೆ ಒಂದು ವರ್ಷ ಎಂದು ಮಾತ್ರ ಹೇಳಿಕೊಡಬೇಡಿ. ಒಂದೇ ವಾರದಲ್ಲಿ ಎರಡು ಪದರ ಬೀಳಬಹುದು, ಬರ ಬಿದ್ದ ವರ್ಷ ಒಂದೂ ಇರಲಿಕ್ಕಿಲ್ಲ.

ಅಲ್ಲಿಂದ ಹಳ್ಳ ಹಿಡಿದು ಮೇಲಕ್ಕೆ ನಡೆಸಿ. ಅರ್ಧ ಕಿಲೋಮೀಟರಿಗೊಮ್ಮೆ ನಿಂತು ಕಣ್ಣಿಗೆ ಕಂಡ ಅತಿ ದೊಡ್ಡ ಕಲ್ಲನ್ನು ಹುಡುಗರು ಗೇಣಿನಲ್ಲಿ ಅಳೆಯಲಿ. ಮೇಲೆ ಹೋದ ಹಾಗೆ ಕಲ್ಲು ದೊಡ್ಡದಾಗುತ್ತದೆ, ಅದರ ಮೂಲೆಗಳು ಚೂಪಾಗುತ್ತವೆ. ಕೆಳಗಿನವು ಉರುಳಿ ಉರುಳಿ ಮೊಂಡಾಗಿರುತ್ತವೆ. ಇಷ್ಟು ದೊಡ್ಡ ಕಲ್ಲನ್ನು ನೀರು ಹೇಗೆ ತಂದಿತು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಜಲಶಾಸ್ತ್ರದಲ್ಲಿ ಒಂದು ಹಳೆಯ ಲೆಕ್ಕವಿದೆ: ನೀರಿನ ವೇಗ ಎರಡು ಪಟ್ಟಾದರೆ ಅದು ಉರುಳಿಸಬಲ್ಲ ಕಲ್ಲಿನ ತೂಕ ಎರಡು ಪಟ್ಟಲ್ಲ, 64 ಪಟ್ಟಾಗುತ್ತದೆ. ನಮ್ಮ ಕಡೆ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಅದು ಸಣ್ಣಗೆ ಹಂಚಿಕೊಂಡು ಬಂದರೆ ಹಳ್ಳದ ಕಲ್ಲು ಅಲುಗುವುದಿಲ್ಲ. ಉತ್ತರೆ, ಹಸ್ತದಲ್ಲಿ ಒಂದು ಸಂಜೆ ಹುಚ್ಚು ಮಳೆ ಹೊಡೆಯುತ್ತದಲ್ಲ, ನೆಲದ ಆಕಾರವನ್ನು ತೀರ್ಮಾನಿಸುವುದು ಆ ಎರಡು ಮೂರು ತಾಸು. ಉಳಿದ ದಿನಗಳಲ್ಲಿ ಹಳ್ಳ ಸುಮ್ಮನೆ ಬಿದ್ದುಕೊಂಡಿರುತ್ತದೆ.

ಹೀಗೆ ಕೆಳಗಿನಿಂದ ಮೇಲಕ್ಕೆ ಓದುವುದನ್ನು ಈ ಗುಡ್ಡದ ಜನ ಶಾಲೆಯಿಲ್ಲದ ಕಾಲದಲ್ಲೇ ಬಲ್ಲವರಾಗಿದ್ದರು. ಜಾಲಗಾರರು ಎಂದು ಒಂದು ಸಮುದಾಯವಿತ್ತು. ದೊಡ್ಡ ಮಳೆ ಬಿದ್ದ ಮೇಲೆ ಸೊರಟೂರ ಹಳ್ಳದಂತಹ ಹಳ್ಳಗಳಿಗೆ ಇಳಿದು, ಮರದ ಮರಿಗೆಯಲ್ಲಿ ಮರಳು ಜಾಲಿಸಿ ಚಿನ್ನ ತೆಗೆಯುತ್ತಿದ್ದರು. ಚಿನ್ನ ಇದ್ದದ್ದು ಗುಡ್ಡದ ಬೆಣಚುಕಲ್ಲಿನ ಎಳೆಗಳಲ್ಲಿ. ಕಲ್ಲು ಶಿಥಿಲವಾಗಿ ಉದುರಿದಾಗ ಅದೂ ಉದುರಿತು, ನೀರು ಹೊತ್ತುಕೊಂಡು ಬಂತು. ಚಿನ್ನ ಬೆಣಚುಕಲ್ಲಿಗಿಂತ ಏಳು ಪಟ್ಟು ತೂಕ. ನೀರಿನ ಬಿರುಸು ಸ್ವಲ್ಪ ತಗ್ಗಿದರೂ ಮೊದಲು ಕೈಬಿಡುವುದು ಅದನ್ನೇ. ಹಾಗಾಗಿ ಅಂತಹವರು ಹುಡುಕುವುದು ಬಂಡೆಯ ಹಿಂಬದಿಯ ತಗ್ಗು, ತಿರುವಿನ ಒಳಮಗ್ಗುಲು, ಹಳ್ಳದ ತಳದ ಬಿರುಕು. 1874ರಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ರಾಬರ್ಟ್ ಬ್ರೂಸ್ ಫೂಟ್ ಈ ಡಂಬಳ ಗುಡ್ಡಗಳ ಚಿನ್ನದ ಬಗ್ಗೆಯೇ ವರದಿ ಬರೆದರು. ಇಲ್ಲಿನ ಹಳೆಯ ಶಿಲೆಗಳಿಗೆ ಮುಂದೆ ಧಾರವಾಡದ ಹೆಸರಿಟ್ಟವರೂ ಅವರೇ. ಜಗತ್ತಿನ ಭೂವಿಜ್ಞಾನಿಗಳಿಗೆಲ್ಲ ಧಾರವಾಡದ ಕಲ್ಲು ಗೊತ್ತು, ನಮ್ಮ ಹುಡುಗರಿಗೆ ಧಾರವಾಡದ ಫೇಡೆ ಮಾತ್ರ ಗೊತ್ತು.

ನಿಮ್ಮ ಮಕ್ಕಳಿಗೆ ಚಿನ್ನ ಸಿಗಲಿಕ್ಕಿಲ್ಲ. ಆದರೆ ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಹಳ್ಳದ ಮರಳಿನಲ್ಲಿ ಆಡಿಸಲು ಹೇಳಿ. ಕಪ್ಪು ಕಬ್ಬಿಣದ ಕಣಗಳು ಮೆತ್ತಿಕೊಂಡು ಬರುತ್ತವೆ. ತಿರುವಿನ ಒಳಮಗ್ಗುಲಲ್ಲಿ ಎಷ್ಟು, ನೇರ ಹರಿವಿನಲ್ಲಿ ಎಷ್ಟು ಎಂದು ಹೋಲಿಸಲಿ. ಇದಕ್ಕಿಂತ ಅಗ್ಗದ ಪ್ರಯೋಗಶಾಲೆ ಇಲ್ಲ.

ಇನ್ನು ಅಜ್ಜನ ಕಾಲದ ಪ್ರಶ್ನೆ. ಆ ಹುಡುಗನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಗುಡ್ಡದ ನೆತ್ತಿ ಅಜ್ಜನ ಆಯುಷ್ಯದಲ್ಲಿ ಒಂದು ಜೋಳದ ಕಾಳಿನ ದಪ್ಪದಷ್ಟೂ ಇಳಿದಿರಲಿಕ್ಕಿಲ್ಲ. ನೆತ್ತಿಯ ಮೇಲಿರುವುದು ಕಬ್ಬಿಣ ಮತ್ತು ಬೆಣಚು ಪಟ್ಟೆ ಪಟ್ಟೆಯಾಗಿ ಕೂಡಿದ ಕಲ್ಲು, 250 ಕೋಟಿ ವರ್ಷಕ್ಕೂ ಹಳೆಯದು, ಮಹಾ ಹಟಮಾರಿ. ಪಕ್ಕದ ಮೆದು ಕಲ್ಲು ಸವೆದು ಕಣಿವೆಯಾಯಿತು, ಇದು ನಿಂತಿತು. ಅದಕ್ಕೇ ಅಲ್ಲಿ ಗುಡ್ಡ ಇರುವುದು. ಆದರೆ ಅಜ್ಜನ ಹೊಲದ ಕಥೆ ಬೇರೆ. ಊರಿನ ಇಳಿಜಾರು ಹೊಲದಲ್ಲಿ ಒಂದು ಹಳೆಯ ಬಾಂದುಕಲ್ಲು ಹುಡುಕಿ. ಅದರ ಮೇಲ್ಭಾಗ ಬಿಸಿಲು ಮಳೆಗೆ ಕಪ್ಪಾಗಿರುತ್ತದೆ. ಕೆಳಗೆ ಒಂದು ಗೆರೆ, ಗೆರೆಯ ಕೆಳಗೆ ಕಲ್ಲಿನ ಬಣ್ಣ ತಿಳಿ. ಕಲ್ಲು ನೆಟ್ಟಾಗ ಮಣ್ಣು ಇದ್ದದ್ದು ಆ ಗೆರೆಯವರೆಗೆ. ಗೆರೆಯಿಂದ ಈಗಿನ ನೆಲಕ್ಕೆ ಪಟ್ಟಿ ಹಿಡಿಯಲಿ. ಗೇಣುದ್ದ ಸಿಕ್ಕಿದರೆ ನನಗೇನೂ ಆಶ್ಚರ್ಯವಿಲ್ಲ.

ಗುಡ್ಡದ ಮೇಲೆ ಹತ್ತಿಸುವುದಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. 2019ರಲ್ಲಿ ಅದು ವನ್ಯಜೀವಿಧಾಮವಾಗಿದೆ, ಒಳಗೆ ಕಲ್ಲು ಎತ್ತುವಂತೆಯೂ ಇಲ್ಲ, ನೆಲ ಅಗೆಯುವಂತೆಯೂ ಇಲ್ಲ. ಹೊರಗಿನ ಹಳ್ಳಗಳೇ ನಿಮಗೆ ಬೇಕಾದಷ್ಟಾದವು.

ಬೆಣ್ಣೆಹಳ್ಳದ ದಂಡೆಯವ

ಒಡ್ಡಿನ ಕಾಕಾ ಗುಡ್ಡದ ಪಕ್ಷ ವಹಿಸಿ ಮಾತನಾಡಿದ್ದಾರೆ. ನಾನು ನವಲಗುಂದ ಕಡೆಯ ರೈತ, ಬಯಲಿನವನು. ಟೀಚರೇ, ಸವೆತ ನೋಡಲು ಗುಡ್ಡವೇ ಬೇಕೇನು? ನಮ್ಮಲ್ಲಿಗೆ ಬನ್ನಿ. ಕಣ್ಣು ಹಾಯಿಸಿದಷ್ಟು ದೂರ ಒಂದು ದಿಬ್ಬವಿಲ್ಲ, ಆದರೂ ಬೆಣ್ಣೆಹಳ್ಳ ನಮ್ಮ ಹೊಲವನ್ನು ವರ್ಷ ವರ್ಷವೂ ತಿನ್ನುತ್ತದೆ.

ಶಿಗ್ಗಾವಿ ಕಡೆ ಹುಟ್ಟಿ, ಕುಂದಗೋಳ ದಾಟಿ, ನಮ್ಮ ತಾಲ್ಲೂಕಿನಲ್ಲಿ ತುಪ್ಪರಿಹಳ್ಳವನ್ನೂ ಸೇರಿಸಿಕೊಂಡು ಮುಂದೆ ರೋಣದ ಕಡೆ ಮಲಪ್ರಭೆಗೆ ಬೀಳುತ್ತದೆ. ಹೆಸರು ಬೆಣ್ಣೆ, ನೀರು ಸವುಳು. ಬೇಸಿಗೆಯಲ್ಲಿ ನೋಡಿದರೆ ಇದೊಂದು ಹಳ್ಳವೇ ಎನ್ನಿಸುತ್ತದೆ. ಮೇಲೆ ಹುಬ್ಬಳ್ಳಿ, ಕುಂದಗೋಳದಲ್ಲಿ ಒಂದು ರಾತ್ರಿ ಮಳೆ ಹೊಡೆಯಿತೋ, ಇಲ್ಲಿ ಒಂದು ಹನಿ ಬೀಳದಿದ್ದರೂ ಬೆಳಗಾಗುವಷ್ಟರಲ್ಲಿ ಹೊಲದಲ್ಲಿ ನೀರು. ಇಳಿಜಾರು ಕಡಿಮೆ, ಪಾತ್ರದ ತುಂಬ ಜಾಲಿಕಂಟಿ, ನೀರಿಗೆ ಹೋಗಲು ದಾರಿಯಿಲ್ಲ. ಹೀಗಾಗಿ ಅಗಲಕ್ಕೆ ಹರಡುತ್ತದೆ.

ನಮ್ಮ ಹೊಲ ಇರುವುದು ತಿರುವಿನ ಹೊರದಂಡೆಗೆ. ನೀರು ತಿರುಗುವಾಗ ಹೊರಮಗ್ಗುಲಿಗೆ ಬಿರುಸು ಹೆಚ್ಚು. ಮೇಲೆ ಎರೆ ಮಣ್ಣು ಗಟ್ಟಿಯಾಗಿಯೇ ಕಾಣುತ್ತದೆ, ನೀರು ಬುಡದಲ್ಲಿ ತೋಡಿಕೊಂಡು ಹೋಗುತ್ತದೆ. ನೆರೆ ಇಳಿದ ಮೇಲೆ ಆಟ ಶುರು. ನೆನೆದ ದಂಡೆಗೆ ನೀರಿನ ಆಸರೆ ತಪ್ಪಿ, ಬೇಸಿಗೆಯಲ್ಲಿ ಎಲ್ಲಿ ಬಿರುಕು ಬಿಟ್ಟಿತ್ತೋ ಅದೇ ಗೆರೆಯಲ್ಲಿ ಸೀಳಿ, ಗೋಡೆ ಗೋಡೆಯಾಗಿ ಕೆಳಗೆ ಕೂರುತ್ತದೆ. ಕಡಲೆಯ ಸಾಲು ಇದ್ದ ಹಾಗೆಯೇ, ಗಿಡ ಸಮೇತ, ಆಳೆತ್ತರ ಕೆಳಗಿಳಿದು ಹಸಿರಾಗಿ ನಿಂತದ್ದನ್ನು ನಾನು ನೋಡಿದ್ದೇನೆ. ಮುಂದಿನ ನೆರೆಗೆ ಅದೂ ಇಲ್ಲ.

ಎದುರು ದಂಡೆಯವನಿಗೆ ಏನಾಗಬೇಕು? ಒಳಮಗ್ಗುಲಲ್ಲಿ ನೀರು ನಿಧಾನ, ಅಲ್ಲಿ ಮೆಕ್ಕಲು ಬೀಳುತ್ತದೆ. ಅವನ ಹೊಲ ಬೆಳೆಯುತ್ತದೆ, ಅದರ ಮೇಲೆ ಬಿಳಿಜೋಳವೂ ಬೆಳೆಯುತ್ತದೆ. ಪಹಣಿಯಲ್ಲಿ ಆ ಗುಂಟೆಗಳು ಇನ್ನೂ ನನ್ನವು, ನೆಲದ ಮೇಲೆ ಅರ್ಧ ಹಳ್ಳದ್ದು, ಅರ್ಧ ಅವನದು. ಸವೆತ ಮತ್ತು ಸಂಚಯನ ಎಂದರೆ ನಮ್ಮೂರಿನಲ್ಲಿ ಎರಡು ಮನೆಗಳ ನಡುವಿನ ಮಾತುಕತೆ ನಿಂತುಹೋಗುವುದು. ಇದನ್ನು ನಿಮ್ಮ ಪುಸ್ತಕದಲ್ಲಿ ಬರೆದಿದ್ದಾರೆಯೇ?

ಮಲಪ್ರಭೆಯ ದಂಡೆಯೂ ದೂರವಿಲ್ಲ. 2019ರ ಆಗಸ್ಟ್‌ನಲ್ಲಿ ಹೊಳೆಯ ನೆರೆ ನುಗ್ಗಿ ಕೊಣ್ಣೂರಿನ ಗತಿ ಏನಾಯಿತೆಂದು ನೆನಪಿರಬಹುದು. 1972ರಲ್ಲಿ ನವಿಲುತೀರ್ಥದಲ್ಲಿ ಅಣೆಕಟ್ಟು ಮುಗಿದ ಮೇಲೆ ಕೆಳಗಿನ ಹೊಳೆ ಎಷ್ಟೋ ವರ್ಷ ಸಣ್ಣಗೆ ಹರಿಯಿತು. ಜನ ಪಾತ್ರದೊಳಕ್ಕೆ ಹೊಲ ಇಳಿಸಿದರು. ಹೊಳೆ ತನ್ನ ಹಳೆಯ ಅಗಲವನ್ನು ಮರೆತಿರಲಿಲ್ಲ.

ಒಂದು ಮಾತು. ನಮ್ಮ ಎರೆ ಮಣ್ಣೆಲ್ಲ ಜ್ವಾಲಾಮುಖಿಯ ಲಾವಾದಿಂದ ಬಂದದ್ದು ಎನ್ನುವುದನ್ನೂ ಮಕ್ಕಳಿಗೆ ಹೇಳಿ. ಅದು ಅವರಿಗೆ ಖುಷಿ ಕೊಡುತ್ತದೆ.

ಲಕ್ಕುಂಡಿ ಕಡೆಯವ

ಹೊಲ, ಹಳ್ಳ ಎರಡೂ ಆದವು. ಶಿಥಿಲೀಕರಣಕ್ಕೆ ಮಾತ್ರ ನಮ್ಮೂರಿಗೇ ಬರಬೇಕು, ಏಕೆಂದರೆ ಇಲ್ಲಿ ಕಲ್ಲಿಗೆ ತಾರೀಖು ಇದೆ. ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ 1007ನೇ ಇಸವಿಯದು. ಅಂದರೆ ಉಳಿ ಕಲ್ಲನ್ನು ಬಿಟ್ಟ ದಿನದಿಂದ ಸಾವಿರ ವರ್ಷದ ಬಿಸಿಲು ಮಳೆ. ಬಂಡೆಯ ಸವೆತಕ್ಕೆ ಇಷ್ಟು ನಿಖರವಾದ ಗಡಿಯಾರ ಗುಡ್ಡದಲ್ಲಿ ಎಲ್ಲಿ ಸಿಗಬೇಕು?

ಕಲ್ಲು ಬಳಪದ ಜಾತಿಯದು. ಉಳಿಗೆ ಮೆದು, ಅದಕ್ಕೇ ಅಷ್ಟು ಸೂಕ್ಷ್ಮ ಕೆತ್ತನೆ. ಬಾದಾಮಿಯ ಮರಳುಗಲ್ಲು ಬಿಟ್ಟು ನಮ್ಮ ಶಿಲ್ಪಿಗಳು ಈ ಕಲ್ಲಿಗೆ ಬಂದದ್ದರಿಂದ ಕೆತ್ತನೆಯ ರೀತಿಯೇ ಬದಲಾಯಿತು. ಕಾಶಿ ವಿಶ್ವೇಶ್ವರ ಗುಡಿಯ ಒಳಗಿನ ತಿರುಗಣಿ ಕಂಬಗಳಲ್ಲಿ ಇವತ್ತಿಗೂ ಹೊಳಪಿದೆ. ಹೊರಗೆ ಬಂದು, ಮಳೆ ನೇರವಾಗಿ ಬಡಿಯುವ ಕಡೆಯ ಕೆತ್ತನೆಯನ್ನೂ ಚಾಚಿದ ಕಲ್ಲಿನ ನೆರಳಿನಲ್ಲಿರುವ ಕೆತ್ತನೆಯನ್ನೂ ಪಕ್ಕಪಕ್ಕ ನೋಡಲಿ. ಅದೇ ಕಲ್ಲು, ಅದೇ ಕಾಲ. ಒಂದರಲ್ಲಿ ಸರದ ಮಣಿಗಳನ್ನು ಎಣಿಸಬಹುದು, ಇನ್ನೊಂದರಲ್ಲಿ ಕೊರಳು ಎಲ್ಲಿ ಮುಗಿಯಿತು ಎನ್ನುವುದೂ ಗೊತ್ತಾಗುವುದಿಲ್ಲ. ಗೋಡೆಯ ಬುಡವನ್ನೂ ಬಗ್ಗಿ ನೋಡಬೇಕು. ನೆಲದ ತೇವ ಉಪ್ಪನ್ನು ಹೊತ್ತು ಕಲ್ಲಿನೊಳಕ್ಕೆ ಏರುತ್ತದೆ. ನೀರು ಆರಿ ಉಪ್ಪು ಹರಳುಗಟ್ಟುವಾಗ ಕಲ್ಲಿನ ಮೈ ಈರುಳ್ಳಿ ಸಿಪ್ಪೆಯಂತೆ ಪೊರೆ ಪೊರೆಯಾಗಿ ಏಳುತ್ತದೆ. ಇಲ್ಲಿ ಕಲ್ಲನ್ನು ಯಾರೂ ಎತ್ತಿಕೊಂಡು ಹೋಗಿಲ್ಲ, ಅದು ನಿಂತಲ್ಲೇ ಪುಡಿಯಾಗಿದೆ. ಶಿಥಿಲೀಕರಣಕ್ಕೂ ಸವೆತಕ್ಕೂ ಇರುವ ವ್ಯತ್ಯಾಸ ಇಷ್ಟೇ ಅಲ್ಲವೇ?

ಮುಟ್ಟಿ ನೋಡಲು ಬಿಡಬೇಡಿ. ಶಾಲಾ ಪ್ರವಾಸದ ಕೈಗಳೂ ಒಂದು ನೈಸರ್ಗಿಕ ಶಕ್ತಿಯೇ ಆಗಿವೆ.

ನಿವೃತ್ತ ಒಡ್ಡಿನವ

ಲಕ್ಕುಂಡಿಯ ಸಲಹೆ ಚೆನ್ನಾಗಿದೆ. ಡಂಬಳದ ದಾರಿಯಲ್ಲದಿದ್ದರೂ ಬೆಟಗೇರಿಯಿಂದ ಹತ್ತಿರ.

ಬೆಣ್ಣೆಹಳ್ಳದ ತಮ್ಮನಿಗೆ ಎರಡು ಮಾತು. ದಂಡೆ ಕುಸಿಯುವ ಬಗೆಯನ್ನು ನೀನು ಬರೆದದ್ದು ಅಕ್ಷರಶಃ ಸರಿ. ಲಾವಾದ ಮಾತು ಪೂರ್ತಿ ಸರಿಯಲ್ಲ. ದಖ್ಖನದ ಲಾವಾ ಉಕ್ಕಿ ಹರಿದದ್ದು ಸುಮಾರು 6.6 ಕೋಟಿ ವರ್ಷಗಳ ಹಿಂದೆ. ಅದರ ದಕ್ಷಿಣದ ಅಂಚು ಬೆಳಗಾವಿಯ ಆಸುಪಾಸಿಗೆ ಮುಗಿಯುತ್ತದೆ. ಗದಗ ಸೀಮೆಯಲ್ಲಿ ಎರೆ ಹೊಲದ ಬಾವಿ ತೋಡಿದರೆ ತಳದಲ್ಲಿ ಸಿಗುವುದು ಹಳೆಯ ಧಾರವಾಡದ ಪದರುಗಲ್ಲು ಅಥವಾ ಅದಕ್ಕೂ ಹಳೆಯ, ನೈಸ್ ಎಂಬ ಪಟ್ಟೆಗಲ್ಲು. ಸುಣ್ಣ ಮತ್ತು ಮೆಗ್ನೀಷಿಯಂ ಅಂಶವಿರುವ ಕಲ್ಲು, ಒಣ ಹವೆ, ನೀರು ಬೇಗ ಬಸಿಯದ ತಗ್ಗು ಇಷ್ಟು ಕೂಡಿದರೆ ಲಾವಾ ಇಲ್ಲದೆಯೂ ಎರೆ ಮಣ್ಣಾಗುತ್ತದೆ.

ಟೀಚರೇ, ಇದನ್ನು ಮಕ್ಕಳು ಸೈಕಲ್ ಮೇಲೆ ಹೋಗುತ್ತಾ ನೋಡಬಹುದು. ಗುಡ್ಡದ ಬುಡದ ಏರಿನಲ್ಲಿ ಕೆಂಪು ಮಸಾರಿ, ಇಳಿದ ಹಾಗೆ ಬಣ್ಣ ಕಂದು, ತಗ್ಗಿಗೆ ಬಂದರೆ ಕಪ್ಪು ಎರೆ. ಏರಿನಲ್ಲಿ ನೀರು ಬಸಿದು ಹೋಗುತ್ತದೆ, ಕಬ್ಬಿಣ ತುಕ್ಕು ಹಿಡಿದು ಕೆಂಪಾಗಿ ಉಳಿಯುತ್ತದೆ. ನುಣುಪು ಜೇಡಿಯೂ ಕರಗಿದ ಸುಣ್ಣವೂ ಕೆಳಗಿಳಿದು ತಗ್ಗಿನಲ್ಲಿ ಸೇರುತ್ತವೆ. ಎರೆ ಹೊಲ ತೇವ ಹಿಡಿಯುತ್ತದೆ ಎಂದು ಕೆಳಗಿನವನು ಹೆಮ್ಮೆ ಪಡುತ್ತಾನಲ್ಲ, ಆ ಹೆಮ್ಮೆಯ ಒಂದು ಪಾಲು ಮೇಲಿನವನ ಹೊಲದಿಂದ ಬಂದದ್ದು.

ಎರೆಯಲ್ಲಿ ಮಣ್ಣು ಹೋಗುವ ರೀತಿಯನ್ನೂ ಹೇಳಿಬಿಡುತ್ತೇನೆ, ಇದರಲ್ಲೇ ನನ್ನ ನೌಕರಿ ಸವೆದದ್ದು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು. ಮೊದಲ ಮಳೆಯ ನೀರೆಲ್ಲ ಬಿರುಕಿನೊಳಗೆ. ಆಮೇಲೆ ಜೇಡಿ ಉಬ್ಬಿ ಬಾಯಿ ಮುಚ್ಚುತ್ತದೆ, ಅಲ್ಲಿಂದ ಮುಂದೆ ಬಿದ್ದ ನೀರು ಒಳಗೆ ಹೋಗಲು ಒಪ್ಪುವುದಿಲ್ಲ, ಮೇಲೆಯೇ ಹರಿಯುತ್ತದೆ. ಹಿಂಗಾರಿಗೆ ಜೋಳ, ಕಡಲೆ, ಕುಸುಬೆ ಬಿತ್ತುವವರು ಮುಂಗಾರು ಪೂರ್ತಿ ಹೊಲವನ್ನು ಬರಿದಾಗಿ ಬಿಡುವುದು ಇಲ್ಲಿನ ರೂಢಿ. ಮಳೆ ಜೋರಾಗಿರುವ ತಿಂಗಳಲ್ಲೇ ನೆಲಕ್ಕೆ ಹೊದಿಕೆಯಿಲ್ಲ. ಕೊರಕಲು ಬಿದ್ದರೆ ರೈತ ಎಚ್ಚರಾಗುತ್ತಾನೆ, ಮಣ್ಣು ತುಂಬುತ್ತಾನೆ. ಆದರೆ ಇಡೀ ಹೊಲದಿಂದ ತೆಳುವಾಗಿ ಒಂದು ಪದರ ಹೋದರೆ ಯಾರಿಗೂ ಗೊತ್ತಾಗುವುದಿಲ್ಲ, ಕುಂಟೆ ಹೊಡೆದರೆ ಗುರುತೂ ಅಳಿಸಿಹೋಗುತ್ತದೆ. ಬಿಳಿ ಸುಣ್ಣದ ಹರಳು ಮೇಲೆ ತೇಲಿ ಕಾಣತೊಡಗಿದಾಗ ಮಾತ್ರ ಮೇಲಿನ ಮಣ್ಣು ಮುಗಿದದ್ದು ತಿಳಿಯುತ್ತದೆ. ಮಸಾರಿಯಲ್ಲಿ ಇನ್ನೊಂದು ಗುರುತುಂಟು. ಜೋರು ಮಳೆಯ ಮರುದಿನ ಮೊಣಕಾಲೂರಿ ನೋಡಿದರೆ, ಒಂದೊಂದು ಹರಳಿನ ಕೆಳಗೆ ಬೆರಳಿನ ಗೆಣ್ಣಿನಷ್ಟು ಎತ್ತರದ ಮಣ್ಣಿನ ಕಂಬ ನಿಂತಿರುತ್ತದೆ. ಹರಳು ತನ್ನ ಕೆಳಗಿನ ಮಣ್ಣನ್ನು ಹನಿಯ ಪೆಟ್ಟಿನಿಂದ ಕಾಪಾಡಿತು, ಸುತ್ತಲಿನದು ಎದ್ದು ಹೋಯಿತು. ಒಂದು ಮಳೆಗೆ ಎಷ್ಟು ಹೋಯಿತು ಎಂದು ಆ ಕಂಬವೇ ಹೇಳುತ್ತದೆ.

ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿದ್ದಾಗ, 1942ರ ಭೂ ಸುಧಾರಣಾ ಕಾಯ್ದೆಯ ಹಿಂದೆಯೇ, ಸಮಪಾತಳಿಯ, ಅಂದರೆ ಇಳಿಜಾರಿಗೆ ಅಡ್ಡಲಾಗಿ ಒಂದೇ ಮಟ್ಟದಲ್ಲಿ ಸಾಗುವ ಒಡ್ಡುಗಳು ಬಂದವು. ಮಸಾರಿಯಲ್ಲಿ ಅವು ನಡೆದವು. ಆಳ ಎರೆಯಲ್ಲಿ ಒಡ್ಡಿನ ಮೇಲ್ಮಗ್ಗುಲಿಗೆ ನೀರು ವಾರಗಟ್ಟಲೆ ನಿಂತು ಬೆಳೆ ಕೊಳೆಯುತ್ತಿತ್ತು, ಬೇಸಿಗೆಯಲ್ಲಿ ಒಡ್ಡೇ ಬಿರುಕು ಬಿಟ್ಟು ಮಳೆಗಾಲದಲ್ಲಿ ಅಲ್ಲಿಂದಲೇ ಒಡೆಯುತ್ತಿತ್ತು. ಆಮೇಲೆ ಎರೆಗೆ ಸ್ವಲ್ಪ ಓರೆಯಿಟ್ಟು, ನೀರು ನಿಧಾನವಾಗಿ ಬದಿಗೆ ಸರಿದು ಕೋಡಿಗೆ ಇಳಿಯುವ ಒಡ್ಡುಗಳನ್ನು ಹಾಕುವ ಪದ್ಧತಿ ಬಂತು. ರೈತರು ಇದನ್ನು ಮೊದಲೇ ಹೇಳುತ್ತಿದ್ದರು. ನಕ್ಷೆ ಬರೆಯುವವರು ಹೊಲಕ್ಕೆ ಇಳಿದದ್ದು ತಡವಾಯಿತು.

ಹುಬ್ಬಳ್ಳಿ ಓದುಗ

ಬಾದಾಮಿ ಹಿಂದೆ ಪಡೆದೆ. ಆದರೆ ಕಾಕಾ, ಗಾಳಿಯ ಮಾತನ್ನೇ ಯಾರೂ ಎತ್ತಲಿಲ್ಲವಲ್ಲ? ಗದಗದ ಗಾಳಿಗೆ ಅಷ್ಟೊಂದು ಗಾಳಿಯಂತ್ರಗಳು ತಿರುಗುತ್ತವೆ. ಅದು ನೆಲವನ್ನೇನೂ ಮಾಡುವುದಿಲ್ಲವೇ?

ನಿವೃತ್ತ ಒಡ್ಡಿನವ

ಮಾಡುತ್ತದೆ, ಬೇಸಿಗೆಯಲ್ಲಿ ಬರಿ ಹೊಲದ ಧೂಳೆಬ್ಬಿಸಿ ನಿಮ್ಮ ಹುಬ್ಬಳ್ಳಿಗೂ ಕಳಿಸುತ್ತದೆ. ಆದರೆ ನಮ್ಮ ನೆಲದ ರೂಪ ನೀರಿನ ಕೆಲಸ. ಗಾಳಿ ಎರಡನೆಯ ದರ್ಜೆಯ ನೌಕರ. ಯಂತ್ರಗಳಿಗಾಗಿ ಗುಡ್ಡ ಕಡಿದು ಮಾಡಿದ ರಸ್ತೆಗಳಿವೆಯಲ್ಲ, ಅವುಗಳ ಪಕ್ಕದ ಚರಂಡಿಯಿಂದ ಹುಟ್ಟಿದ ಕೊರಕಲುಗಳನ್ನು ನೋಡಿದರೆ, ಗಾಳಿಗಿಂತ ಗಾಳಿಯಂತ್ರವೇ ಹೆಚ್ಚು ಮಣ್ಣು ಇಳಿಸಿದೆ ಅನ್ನಿಸುತ್ತದೆ.

ಬೆಟಗೇರಿ ಟೀಚರ್

ಎಲ್ಲರಿಗೂ ತುಂಬಾ ಧನ್ಯವಾದಗಳು. ಒಂದು ಸಾಲಿನ ಉತ್ತರ ಬರಬಹುದು ಎಂದುಕೊಂಡಿದ್ದೆ.

ಹೀಗೆ ಮಾಡಬೇಕೆಂದಿದ್ದೇನೆ. ಬೆಳಿಗ್ಗೆ ಚೆಕ್ ಡ್ಯಾಂ ಹೂಳಿನ ಗುಂಡಿ, ಅಲ್ಲಿಂದ ಹಳ್ಳ ಹಿಡಿದು ಅಯಸ್ಕಾಂತದ ಜೊತೆ ಮೇಲಕ್ಕೆ, ಅರಣ್ಯದ ಗಡಿಗೆ ನಿಲುಗಡೆ, ಅಲ್ಲೇ ಬುತ್ತಿ. ಮಧ್ಯಾಹ್ನ ಆ ಹುಡುಗನ ಅಜ್ಜನ ಹೊಲ. ಅಜ್ಜ ಇನ್ನೂ ಗಟ್ಟಿಯಾಗಿದ್ದಾರೆ, ಬಾಂದುಕಲ್ಲು ತೋರಿಸಲು ಒಪ್ಪಿದ್ದಾರೆ. ಲಕ್ಕುಂಡಿಯನ್ನು ಬೇರೆ ದಿನಕ್ಕೆ ಇಟ್ಟುಕೊಳ್ಳುತ್ತೇನೆ, ಒಂದೇ ದಿನ ಎರಡನ್ನೂ ತುರುಕಿದರೆ ಎರಡೂ ಕೆಡುತ್ತವೆ. ಬೆಣ್ಣೆಹಳ್ಳದ ಅಣ್ಣನವರೇ, ನಿಮ್ಮ ದಂಡೆ ನಮಗೆ ದೂರ. ಕುಸಿದು ಕುಳಿತ ದಂಡೆಯ ಫೋಟೊ ಇದ್ದರೆ ಇಲ್ಲಿ ಹಾಕಿ, ತರಗತಿಯಲ್ಲಿ ತೋರಿಸುತ್ತೇನೆ. ಎದುರು ದಂಡೆಯವರ ಹೊಲವೂ ಅದರಲ್ಲಿ ಬಂದರೆ ಒಳ್ಳೆಯದು.

ಒಂದು ತೊಡಕು ಉಳಿದಿದೆ. ಪೂರ್ವತಯಾರಿಗೆಂದು ಮಸಾರಿ ಮತ್ತು ಎರೆ ಮಣ್ಣನ್ನು ಬೇರೆ ಬೇರೆ ನೀರಿನ ಬಾಟಲಿಯಲ್ಲಿ ಹಾಕಿ ಕುಲುಕಿ ಇಟ್ಟೆ. ಮಸಾರಿಯ ಮರಳು ನೋಡನೋಡುತ್ತಲೇ ಕೆಳಗೆ ಕುಳಿತಿತು. ಎರೆಯ ಬಾಟಲಿ ಮರುದಿನವೂ ರಾಡಿ. ಮಕ್ಕಳ ಮುಂದೆ ಇಟ್ಟರೆ ಗಂಟೆ ಹೊಡೆಯುವುದರೊಳಗೆ ಏನೂ ಕಾಣುವುದಿಲ್ಲ. ಅದು ಎಂದಿಗೆ ತಿಳಿಯಾಗುತ್ತದೆ?

ನಿವೃತ್ತ ಒಡ್ಡಿನವ

ಅದರ ಪಾಡಿಗೆ ಬಿಟ್ಟರೆ ದಿನಗಟ್ಟಲೆ ಬೇಕು. ಎರೆಯ ಜೇಡಿ ಕಣ ಅಷ್ಟು ಸಣ್ಣದು, ಒಂದರ ಮೈಯ ವಿದ್ಯುತ್ ಆವೇಶ ಇನ್ನೊಂದನ್ನು ದೂರ ತಳ್ಳುತ್ತದೆ, ಗುಂಪುಗೂಡಲು ಬಿಡುವುದಿಲ್ಲ. ನಿಂತ ನೀರಿನಲ್ಲೇ ಇಷ್ಟು ಹೊತ್ತು ತೇಲುವುದು ಹರಿಯುವ ಹಳ್ಳದಲ್ಲಿ ಎಲ್ಲಿ ಕುಳಿತೀತು? ಚೆಕ್ ಡ್ಯಾಂ ಮರಳನ್ನು ಹಿಡಿಯುತ್ತದೆ, ಜೇಡಿಯ ಬಹುಪಾಲು ಅದರ ತಲೆಯ ಮೇಲಿಂದ ದಾಟಿ ಹೋಗುತ್ತದೆ. ಗುಡ್ಡದ ಈ ಮಗ್ಗುಲಿನ ಹಳ್ಳಗಳು ಸೇರುವುದು ತುಂಗಭದ್ರೆಗೆ. ಹೊಸಪೇಟೆಯ ಜಲಾಶಯ ಕಟ್ಟಿದಾಗ 133 ಟಿಎಂಸಿ ನೀರು ಹಿಡಿಯುತ್ತಿತ್ತು. ಈಗ 105ರ ಆಸುಪಾಸು. ನೀರಿನ ಜಾಗದಲ್ಲಿ ಕುಳಿತಿರುವುದು ತುಂಗೆ, ಭದ್ರೆ, ವರದೆ, ಕುಮುದ್ವತಿಯ ಸೀಮೆಯ ಮಣ್ಣು. ಅದರಲ್ಲಿ ನಿಮ್ಮ ಹುಡುಗನ ಅಜ್ಜನದೂ ಒಂದಿಷ್ಟು ಇದೆ.

ಬಾಟಲಿಗೆ ಉಪಾಯವಿದೆ. ಎರಡು ಬಾಟಲಿಯಲ್ಲಿ ಅದೇ ಎರೆ ಮಣ್ಣು, ಅಷ್ಟೇ ನೀರು. ಮಣ್ಣು ಒಂದು ಚಮಚಕ್ಕಿಂತ ಹೆಚ್ಚು ಬೇಡ. ಒಂದಕ್ಕೆ ಒಂದು ಚಮಚ ಉಪ್ಪು ಹಾಕಿ, ಎರಡನ್ನೂ ಒಟ್ಟಿಗೆ ಕುಲುಕಿ ಇಡಿ. ಉಪ್ಪು ಹಾಕಿದ್ದರಲ್ಲಿ ಜೇಡಿ ಗುಂಪುಗೂಡಿ, ತೂಕ ಬಂದು, ಬೇಗ ಕೆಳಗಿಳಿಯುತ್ತದೆ. ಇನ್ನೊಂದು ರಾಡಿಯಾಗಿಯೇ ಇರುತ್ತದೆ. ನದಿ ಸಮುದ್ರ ಸೇರುವ ಕಡೆ ಹೊತ್ತು ತಂದ ಜೇಡಿಯನ್ನು ಇಳಿಸಿ ಮುಖಜ ಭೂಮಿ ಕಟ್ಟುವುದರ ಹಿಂದೆ ನೀರು ನಿಧಾನವಾಗುವುದರ ಜೊತೆಗೆ ಈ ಉಪ್ಪಿನ ಕೈವಾಡವೂ ಇದೆ, ಅದನ್ನೂ ಹೇಳಬಹುದು. ಪಾಠ ಆರಂಭವಾಗುವಾಗ ಕುಲುಕಿ ಇಡಿ, ಮುಗಿಯುವಷ್ಟರಲ್ಲಿ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ.

ಉಪ್ಪನ್ನು ಮಾತ್ರ ಮನೆಯಿಂದ ತನ್ನಿ. ಬಿಸಿಯೂಟದ ಕೋಣೆಯದನ್ನು ಮುಟ್ಟಿದರೆ ಅಡುಗೆಯವರಿಗೆ ಲೆಕ್ಕ ಒಪ್ಪಿಸಬೇಕಾಗುತ್ತದೆ.